ಗೇಟು ಮುಚ್ಚುವ ಮುನ್ನ ಒಂದು ಪಿಜ್ಜಾ

ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿ ತಪಾಸಣೆ ಮುಗಿದ ಮೇಲೆ ಒಂದು ಬಿಡುವು ಸಿಗುತ್ತದೆ. ಬೋರ್ಡಿಂಗ್‌ಗೆ ಇನ್ನೂ ಮುಕ್ಕಾಲು ಗಂಟೆ ಇದೆ, ಹೊಟ್ಟೆ ಹಸಿದಿದೆ, ಮುಂದಿನ ಐದಾರು ಗಂಟೆ ಕೂತಲ್ಲೇ ಕೂರಬೇಕು. ಸುತ್ತಲಿನ ಅಂಗಡಿಗಳಲ್ಲಿ ಇರುವುದೆಲ್ಲ ಬೆಳಿಗ್ಗೆಯೇ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತಣ್ಣನೆಯ ಸ್ಯಾಂಡ್‌ವಿಚ್. ಇಂಥ ಹೊತ್ತಿಗೆ ಪಿಜ್ಜಾದಷ್ಟು ಹೇಳಿ ಮಾಡಿಸಿದ ಬಿಸಿ ಊಟ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಬಹುಪಾಲು ಕೆಲಸ ನೀವು ಅಂಗಡಿಗೆ ಬರುವ ಎಷ್ಟೋ ಗಂಟೆ ಮೊದಲೇ ಮುಗಿದಿರುತ್ತದೆ. ಹಿಟ್ಟು ನಾದಿ, ಹುದುಗು ಬರಿಸಿ, ಉಂಡೆ ಕಟ್ಟಿ ಇಟ್ಟಿರುತ್ತಾರೆ. ನಿಮ್ಮ ಕಣ್ಣೆದುರಿಗೆ ಉಳಿಯುವುದು ತಟ್ಟುವುದು, ಹರಡುವುದು ಮತ್ತು ಬೇಯಿಸುವುದು. ಒಲೆ ಸರಿಯಾಗಿದ್ದರೆ ಬೇಯುವುದಕ್ಕೆ ಎರಡು ನಿಮಿಷವೂ ಬೇಡ.

ಒಲೆ ಸರಿಯಾಗಿದ್ದರೆ ಎಂಬ ಮಾತನ್ನು ಒತ್ತಿ ಹೇಳಬೇಕು. ಒಳ್ಳೆಯ ಹಿಟ್ಟು, ಒಳ್ಳೆಯ ಟೊಮೆಟೊ, ಒಳ್ಳೆಯ ಚೀಸ್ ಎಲ್ಲವೂ ಇದ್ದು ಒಲೆ ಕೈಕೊಟ್ಟರೆ ತಟ್ಟೆಗೆ ಬರುವುದು ಚೀಸ್ ಬಳಿದ ಬ್ರೆಡ್ಡು. ಹಾಗಾಗಿ ವಿಮಾನ ನಿಲ್ದಾಣದ ಪಿಜ್ಜಾ ಕೌಂಟರಿನ ಮುಂದೆ ನಿಂತಾಗ ಮೆನು ಓದುವ ಮೊದಲು ಒಲೆಯನ್ನು ನೋಡಿ ಎಂದು ನಾನು ಹೇಳುತ್ತೇನೆ. ಏನನ್ನು ನೋಡಬೇಕು ಎಂಬುದಕ್ಕೆ ನೇಪಲ್ಸ್‌ನಿಂದ ಶುರುಮಾಡೋಣ.

ನೇಪಲ್ಸ್‌ನ ಪಿಜ್ಜಾ ಹೇಗಿರಬೇಕು ಎಂಬುದಕ್ಕೆ ಲಿಖಿತ ನಿಯಮಗಳಿವೆ. ಆ ಊರಿನ ಪಿಜ್ಜಾ ಕಸುಬುದಾರರು 1984ರಲ್ಲಿ ಕಟ್ಟಿಕೊಂಡ ಸಂಘ ಅವನ್ನು ಬರೆದಿಟ್ಟಿತು. 2010ರಲ್ಲಿ ಯುರೋಪಿಯನ್ ಒಕ್ಕೂಟ ‘ಪಿಜ್ಜಾ ನಾಪೊಲೆತಾನಾ’ ಎಂಬ ಹೆಸರಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 2017ರಲ್ಲಿ ಯುನೆಸ್ಕೊ ಅಲ್ಲಿನ ಪಿಜ್ಜಾ ಕುಶಲಕರ್ಮಿಗಳ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಯಮದ ಪ್ರಕಾರ ಅಡ್ಡಳತೆ 35 ಸೆಂಟಿಮೀಟರ್ ಮೀರಬಾರದು, ನಡುಭಾಗದ ದಪ್ಪ 4 ಮಿಲಿಮೀಟರ್, ಉಬ್ಬಿದ ಅಂಚು 1ರಿಂದ 2 ಸೆಂಟಿಮೀಟರ್. ಒಲೆಯ ಶಾಖ ಸುಮಾರು 485 ಡಿಗ್ರಿ ಸೆಲ್ಸಿಯಸ್, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಮನೆಯ ಓವನ್ ಎಷ್ಟು ತಿರುಗಿಸಿದರೂ 250 ಡಿಗ್ರಿಯ ಆಚೀಚೆ ನಿಂತುಬಿಡುತ್ತದೆ ಎಂಬುದನ್ನು ನೆನೆದರೆ ಈ 485ರ ಅಬ್ಬರ ಗೊತ್ತಾಗುತ್ತದೆ.

ಆ ತೊಂಬತ್ತು ಸೆಕೆಂಡುಗಳನ್ನು ಹತ್ತಿರದಿಂದ ನೋಡುವುದು ಒಂದು ಪಾಠ. ಉದ್ದ ಹಿಡಿಯ ಹಲಗೆಯಿಂದ ಪಿಜ್ಜಾ ಒಲೆಯ ನೆಲಕ್ಕೆ ಜಾರುತ್ತದೆ. ಮೊದಲ ಕೆಲವು ಸೆಕೆಂಡು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚು ಒಮ್ಮೆಗೇ ಏಳತೊಡಗುತ್ತದೆ. ಹುದುಗಿನಿಂದ ಹುಟ್ಟಿ ಹಿಟ್ಟಿನೊಳಗೆ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಕಾದು ಹಿಗ್ಗುತ್ತದೆ, ನೀರು ಆವಿಯಾಗಿ ಅದೇ ಗುಳ್ಳೆಗಳಿಗೆ ನುಗ್ಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಜಾಗ ಬೇಡುತ್ತದೆ. ಯೀಸ್ಟ್ ಜೀವಕೋಶಗಳು 60 ಡಿಗ್ರಿ ಮುಟ್ಟುವಷ್ಟರಲ್ಲಿ ಸತ್ತಿರುತ್ತವೆ. ಅವುಗಳ ಕೆಲಸ ಆಗಲೇ ಮುಗಿದಿದೆ. ಗುಳ್ಳೆಯ ಮೇಲಿನ ಪೊರೆ ಎಲ್ಲಿ ತೆಳುವೋ ಅಲ್ಲಿ ನೀರು ಬೇಗ ಆರುತ್ತದೆ, ಆ ಚುಕ್ಕೆ ಕಂದಾಗಿ ಕಪ್ಪಗಾಗುತ್ತದೆ. ಪಕ್ಕದಲ್ಲೇ ಪೊರೆ ದಪ್ಪವಿರುವ ಕಡೆ ಇನ್ನೂ ಬಿಳಿ. ಚಿರತೆಯ ಮೈಯಂಥ ಈ ಮಚ್ಚೆಗಳು ಚೆನ್ನಾಗಿ ಹುದುಗಿದ ಹಿಟ್ಟು ಜೋರು ಬೆಂಕಿಯನ್ನು ಕಂಡಿತು ಎಂಬುದಕ್ಕೆ ಸಾಕ್ಷಿ. ಮಾಡುವವನು ಚಿಕ್ಕ ಹಲಗೆಯಿಂದ ಪಿಜ್ಜಾವನ್ನು ತಿರುಗಿಸುತ್ತಾನೆ, ಒಂದು ಅಂಚನ್ನೆತ್ತಿ ತಳ ನೋಡುತ್ತಾನೆ, ಮತ್ತೆ ಇಡುತ್ತಾನೆ. ಹೊರಬಂದಾಗ ಅಂಚು ಹೊರಗೆ ಗರಿ, ಒಳಗೆ ಒದ್ದೆ, ಹತ್ತಿಯಷ್ಟು ಹಗುರ. ಒಳಗೆ ನೀರಿರುವ ತನಕ ಹಿಟ್ಟಿನ ಶಾಖ 100 ಡಿಗ್ರಿ ದಾಟುವುದಿಲ್ಲ. ಹೊರಮೈ ಮಾತ್ರ ಆರಿ, 140 ಡಿಗ್ರಿ ದಾಟಿ, ಸಕ್ಕರೆಯೂ ಅಮೈನೊ ಆಮ್ಲಗಳೂ ಕೂಡಿ ನೂರಾರು ಪರಿಮಳದ ಸಂಯುಕ್ತಗಳಾಗುತ್ತವೆ. ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದು. ಬ್ರೆಡ್ಡಿನ ಕಂದು ಮೈಯ ಘಮವೂ ಇದರದೇ. ಈ ಎರಡೂ ಒಟ್ಟಿಗೆ ಬೇಕಾದರೆ ಹೊರಮೈ ಆರಬೇಕು, ಒಳಗಿನ ನೀರು ಉಳಿಯಬೇಕು. ಅದಕ್ಕೆ ಇರುವ ಉಪಾಯ ವೇಗ ಒಂದೇ.

ಇಷ್ಟು ವೇಗದ ಶಾಖ ಬರುವುದೆಲ್ಲಿಂದ? ನೆಲದಿಂದ ನೇರವಾಗಿ, ಒಳಗಿನ ಬಿಸಿಗಾಳಿಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನ ಗುಮ್ಮಟ ಸೂಸುವ ವಿಕಿರಣದಿಂದ. ಕಾದ ವಸ್ತುವಿನ ವಿಕಿರಣ ಅದರ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಅಳೆದಾಗ. 250 ಡಿಗ್ರಿ ಸೆಲ್ಸಿಯಸ್ ಎಂದರೆ 523 ಕೆಲ್ವಿನ್, 485 ಎಂದರೆ 758 ಕೆಲ್ವಿನ್. ಲೆಕ್ಕ ಹಾಕಿದರೆ ನೇಪಲ್ಸ್‌ನ ಗುಮ್ಮಟ ಮನೆಯ ಓವನ್‌ಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ವಿಕಿರಣ ಸುರಿಸುತ್ತದೆ.

ಹಾಗಾದರೆ ಯಾವುದಾದರೂ ಲೋಹದ ಪೆಟ್ಟಿಗೆಯನ್ನು ಅಷ್ಟೇ ಕಾಯಿಸಿ ಪಿಜ್ಜಾ ಒಳಗಿಟ್ಟರೆ ಆಗದೇ? ಆಗುವುದಿಲ್ಲ. ಬೇಸಿಗೆಯ ನಡುಹಗಲು ದೇವಸ್ಥಾನದ ಪ್ರಾಕಾರದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದವರಿಗೆ ಇದರ ಕಾರಣ ಕಾಲಿಗೇ ಗೊತ್ತು. ಒಂದೇ ಬಿಸಿಲಿಗೆ ಕಾದ ಇಟ್ಟಿಗೆ ಹಾಸಿನ ಮೇಲೆ ಹೇಗೋ ನಡೆದು ದಾಟಬಹುದು. ನಡುವೆ ಚರಂಡಿಗೆ ಮುಚ್ಚಿದ ಕಬ್ಬಿಣದ ತಗಡಿನ ಮೇಲೆ ಹೆಜ್ಜೆಯಿಟ್ಟರೆ ಚುರ್ರೆನ್ನುತ್ತದೆ. ಎರಡರ ಉಷ್ಣತೆ ಒಂದೇ ಇದ್ದರೂ ಕಬ್ಬಿಣ ತನ್ನ ಆಳದಲ್ಲಿರುವ ಶಾಖವನ್ನು ಕ್ಷಣದಲ್ಲಿ ಅಂಗಾಲಿಗೆ ತಂದು ಸುರಿಯುತ್ತದೆ, ಇಟ್ಟಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ.

ಭೌತವಿಜ್ಞಾನಿಗಳಾದ ಆಂದ್ರೇ ವರ್ಲಾಮೊವ್, ಆಂಡ್ರಿಯಾಸ್ ಗ್ಲಾಟ್ಝ್ ಮತ್ತು ಆಹಾರ ಮಾನವಶಾಸ್ತ್ರಜ್ಞ ಸೆರ್ಜಿಯೊ ಗ್ರಾಸ್ಸೊ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ಪಿಜ್ಜಾಕ್ಕೆ ಅನ್ವಯಿಸಿ ಲೆಕ್ಕ ಮಾಡಿದರು. ಅವರು ಎದುರಿಗಿಟ್ಟುಕೊಂಡಿದ್ದು ರೋಮ್ ಶೈಲಿಯ ಪಿಜ್ಜಾ. ಅಲ್ಲಿನ ಕಟ್ಟಿಗೆ ಒಲೆ ಸುಮಾರು 330 ಡಿಗ್ರಿ ಇರುತ್ತದೆ, ಪಿಜ್ಜಾ ಎರಡು ನಿಮಿಷದಲ್ಲಿ ಬೇಯುತ್ತದೆ. ಕೋಣೆಯ ಉಷ್ಣತೆಯಲ್ಲಿರುವ ಹಿಟ್ಟು 330 ಡಿಗ್ರಿಯ ಇಟ್ಟಿಗೆಗೆ ತಾಗಿದಾಗ ಅವೆರಡೂ ಕೂಡುವ ಮೈಯ ಉಷ್ಣತೆ ಸುಮಾರು 210 ಡಿಗ್ರಿಗೆ ನಿಲ್ಲುತ್ತದೆ. ತಳ ಹೊಂಬಣ್ಣಕ್ಕೆ ತಿರುಗಲು ಇದು ಹದವಾದ ಶಾಖ. ಇಟ್ಟಿಗೆಯ ಬದಲು ಅಷ್ಟೇ ಕಾದ ಉಕ್ಕಿನ ತಟ್ಟೆ ಇದ್ದರೆ ಕೂಡುವ ಮೈ 300 ಡಿಗ್ರಿಗೆ ಹತ್ತಿರವಾಗುತ್ತದೆ, ಮೇಲ್ಭಾಗ ಬೇಯುವ ಮೊದಲೇ ತಳ ಕರಕಲಾಗುತ್ತದೆ. ಉಕ್ಕಿನ ನೆಲದ ವಿದ್ಯುತ್ ಓವನ್‌ನಲ್ಲಿ ತಳ ಸೀಯದಿರಬೇಕಾದರೆ ಶಾಖವನ್ನು 230ಕ್ಕೆ ಇಳಿಸಬೇಕು. ಇಳಿಸಿದರೆ ಮೇಲಿನಿಂದ ಬರುವ ವಿಕಿರಣ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಬೇಯುವ ಹೊತ್ತು 170 ಸೆಕೆಂಡಿಗೆ ಏರುತ್ತದೆ. ಹೆಚ್ಚಾದ ಈ ಐವತ್ತು ಸೆಕೆಂಡು ದೊಡ್ಡದಲ್ಲ ಎನ್ನಿಸಬಹುದು. ಆದರೆ ನಾಲ್ಕು ಮಿಲಿಮೀಟರ್ ದಪ್ಪದ ಹಿಟ್ಟಿನಲ್ಲಿ ನೀರು ಎಷ್ಟಿದ್ದೀತು? ಅಷ್ಟು ಹೆಚ್ಚು ಹೊತ್ತು ಒಲೆಯೊಳಗಿದ್ದರೆ ಮೃದುವಾಗಬೇಕಾದ ಒಳಭಾಗ ಬಿಸ್ಕತ್ತಿನ ಕಡೆ ಹೊರಳುತ್ತದೆ.

ಇದೇ ಲೇಖನದಲ್ಲಿ ಊಟಕ್ಕೆ ಕೂತವರಿಗೆ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯಿದೆ. ಮೇಲೆ ನೀರಿನಂಶದ ತರಕಾರಿ ಹೇರಿದಷ್ಟೂ ಆ ನೀರನ್ನು ಆವಿ ಮಾಡಲು ಶಾಖ ಖರ್ಚಾಗುತ್ತದೆ. ಆಗ ಅನುಭವಿ ಕೈ ಪಿಜ್ಜಾವನ್ನು ಹಲಗೆಯ ಮೇಲೆ ನೆಲದಿಂದ ಎತ್ತಿ ಹಿಡಿದು, ಅರ್ಧ ನಿಮಿಷ ವಿಕಿರಣಕ್ಕಷ್ಟೇ ಒಡ್ಡುತ್ತದೆ. ತಳ ಸೀಯುವುದಿಲ್ಲ, ಮೇಲ್ಭಾಗ ಬೇಯುತ್ತದೆ. ಟರ್ಮಿನಲ್ಲಿನ ನೂಕುನುಗ್ಗಲಿನಲ್ಲಿ ಇಷ್ಟು ತಾಳ್ಮೆ ಎಲ್ಲ ಕೈಗೂ ಇರುವುದಿಲ್ಲ. ಅಣಬೆ, ದೊಣ್ಣೆಮೆಣಸು, ಈರುಳ್ಳಿ, ಜೋಳ ಎಲ್ಲವನ್ನೂ ತುಂಬಿದ ಪಿಜ್ಜಾವನ್ನು ಇಲ್ಲಿ ಕೇಳಬೇಡಿ. ಟೊಮೆಟೊ, ಮೊಝರೆಲ್ಲಾ, ತುಳಸಿಯ ಜಾತಿಯ ಎಲೆ ಇಷ್ಟೇ ಇರುವ ಮಾರ್ಗರೀಟಾ ಕೇಳಿ. ಅವಸರದ ಒಲೆಗೆ ಅದೇ ಸರಿ.

ಈಗ ಕೌಂಟರಿನ ಹಿಂದೆ ಕಣ್ಣು ಹಾಯಿಸಿ. ಸಾವಿರಾರು ಜನ ಸೇರುವ ಮುಚ್ಚಿದ ಕಟ್ಟಡದಲ್ಲಿ ಕಟ್ಟಿಗೆ ಉರಿಸುವುದು ಸುಲಭದ ಮಾತಲ್ಲ. ಹೊಗೆಗೆ ದಾರಿ ಬೇಕು, ಕಿಡಿಗೆ ಕಾವಲು ಬೇಕು, ಬೂದಿಗೆ ಜಾಗ ಬೇಕು. ಹಾಗಾಗಿ ಸಾಮಾನ್ಯವಾಗಿ ಸಿಗುವುದು ಗ್ಯಾಸ್ ಅಥವಾ ವಿದ್ಯುತ್ ಒಲೆ. ಅದು ತಪ್ಪೇನಲ್ಲ. ಹಿಟ್ಟಿಗೆ ಬೇಕಿರುವುದು ಶಾಖ; ಅಷ್ಟು ಶಾಖ, ಅಂಥ ನೆಲ, ಅಂಥ ಗುಮ್ಮಟ ಸಿಕ್ಕರೆ ತೊಂಬತ್ತು ಸೆಕೆಂಡಿನಲ್ಲಿ ಕಟ್ಟಿಗೆಯ ಹೊಗೆ ಹಿಡಿಯುವುದಕ್ಕೂ ಹೆಚ್ಚು ಹೊತ್ತಿರುವುದಿಲ್ಲ. ನೇಪಲ್ಸ್ ಕಡೆಯ ಒಲೆಗಳ ನೆಲಕ್ಕೆ ‘ಬಿಸ್ಕೊತ್ತೊ ದಿ ಸೊರೆಂತೊ’ ಎಂಬ ಜೇಡಿಮಣ್ಣಿನ ಬಿಲ್ಲೆ ಹಾಸುತ್ತಾರೆ. ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುವ ಗುಣ ಅದರದು. ಅದಕ್ಕೇ 400 ಡಿಗ್ರಿಯ ಆಸುಪಾಸಿನಲ್ಲೂ ತಳ ಸೀದುಹೋಗುವುದಿಲ್ಲ. ಇದೇ ಬಿಲ್ಲೆ ಹಾಸಿದ ವಿದ್ಯುತ್ ಒಲೆಗಳು ಈಗ ಇವೆ, 450 ಡಿಗ್ರಿ ಮುಟ್ಟುತ್ತವೆ. ತೆರೆದ ಬಾಯಿಯ ಒಲೆ, ಒಳಗೆ ಕಲ್ಲಿನ ನೆಲ, ಪಕ್ಕದಲ್ಲಿ ಹಿಟ್ಟಿನ ಉಂಡೆಗಳ ತಟ್ಟೆ, ಉದ್ದ ಹಿಡಿಯ ಹಲಗೆ ಇಷ್ಟು ಕಂಡರೆ ಧೈರ್ಯವಾಗಿ ಸಾಲಿನಲ್ಲಿ ನಿಲ್ಲಿ.

ಇನ್ನೊಂದು ಬಗೆಯ ಒಲೆಯಲ್ಲಿ ಜಾಲರಿಯ ಪಟ್ಟಿ ಚಲಿಸುತ್ತಿರುತ್ತದೆ. ಒಂದು ಕಡೆ ಹಸಿ ಪಿಜ್ಜಾ ಇಟ್ಟರೆ ಐದಾರು ನಿಮಿಷಕ್ಕೆ ಇನ್ನೊಂದು ಕಡೆ ಬೆಂದು ಹೊರಬರುತ್ತದೆ. ದೊಡ್ಡ ಸರಣಿ ಅಂಗಡಿಗಳು ಬಳಸುವುದು ಇದನ್ನೇ. ಬೇಯುತ್ತಿರುವ ಹಿಟ್ಟಿನ ಮೈಮೇಲೆ ಅದರಿಂದಲೇ ಹೊರಟ ತಂಪಾದ, ತೇವದ ಗಾಳಿಯ ತೆಳು ಪದರ ನಿಂತಿರುತ್ತದೆ, ಹೊರಗಿನ ಶಾಖವನ್ನು ತಡೆಯುತ್ತದೆ. ಈ ಯಂತ್ರ ಮೇಲಿನಿಂದಲೂ ಕೆಳಗಿನಿಂದಲೂ ಬಿಸಿಗಾಳಿಯನ್ನು ಸಣ್ಣ ತೂತುಗಳ ಮೂಲಕ ರಭಸದಿಂದ ಹೊಡೆದು ಆ ಪದರವನ್ನು ಒಡೆಯುತ್ತದೆ. ಹಾಗಾಗಿ 250 ಡಿಗ್ರಿಯಲ್ಲೇ ಕೆಲಸ ಬೇಗ ಆಗುತ್ತದೆ, ಯಾರ ಕೈಯಲ್ಲಾದರೂ ಒಂದೇ ಹದ ಬರುತ್ತದೆ. ಚಿರತೆ ಮಚ್ಚೆ ಬರುವುದಿಲ್ಲ, ಒಳಗಿನ ತೇವವೂ ಅಷ್ಟು ಉಳಿಯುವುದಿಲ್ಲ. ಆದರೂ ಹಸಿ ಹಿಟ್ಟು ಒಳಹೋಗಿ ಬೆಂದು ಬರುವುದು ಕಣ್ಣಿಗೆ ಕಂಡರೆ ಇದು ಮರ್ಯಾದೆಯ ಊಟವೇ. ಷಿಕಾಗೋದವರ ಆಳ ತಟ್ಟೆಯ ಪಿಜ್ಜಾ ಮಾತ್ರ ಬೇರೆ ಲೋಕ. 1943ರಲ್ಲಿ ಪಿಜ್ಜೇರಿಯಾ ಉನೊದಲ್ಲಿ ಶುರುವಾದ ಆ ದಪ್ಪ ಪಿಜ್ಜಾ ಹದವಾಗಿ ಬೇಯಲು ಅರ್ಧ ಗಂಟೆಯಾದರೂ ಬೇಕು. ಅದನ್ನು ಊರೊಳಗೆ ತಿಂದು ವಿಮಾನ ನಿಲ್ದಾಣಕ್ಕೆ ಬರುವುದು ಒಳ್ಳೆಯದು.

ಒಲೆಯ ಮುಂದೆ ನಿಲ್ಲುವಷ್ಟು ಹೊತ್ತೂ ಇಲ್ಲದವರಿಗೆ ರೋಮ್ ಒಂದು ದಾರಿ ಮಾಡಿಕೊಟ್ಟಿದೆ. ಅಲ್ಲಿ ಉದ್ದ ಚೌಕದ ಕಬ್ಬಿಣದ ತಟ್ಟೆಗಳಲ್ಲಿ ಪಿಜ್ಜಾ ಬೇಯಿಸಿಟ್ಟು, ಬೇಕಾದಷ್ಟು ಕತ್ತರಿಸಿ, ತೂಗಿ ಕೊಡುವ ರೂಢಿಯಿದೆ. ಈ ಹಿಟ್ಟಿಗೆ ನೀರು ಬಹಳ ಹೆಚ್ಚು. ನೂರು ಗ್ರಾಂ ಹಿಟ್ಟಿಗೆ ಎಂಬತ್ತು ಗ್ರಾಂವರೆಗೂ ಹಾಕುತ್ತಾರೆ. ಕೇಳಿದ ತುಂಡನ್ನು ಮತ್ತೊಮ್ಮೆ ಓವನ್ನಿಗೆ ತೂರಿ ಒಂದೆರಡು ನಿಮಿಷದಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಮತ್ತೆ ಬಿಸಿ ಮಾಡಿದ್ದು ಎಂದು ಮೂಗು ಮುರಿಯಬೇಕಿಲ್ಲ. ಬ್ರೆಡ್ಡು, ಪಿಜ್ಜಾ ತಣ್ಣಗಾದ ಮೇಲೆ ಬಿರುಸಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ. ಬೇಯುವಾಗ ಉಬ್ಬಿ ಚದುರಿಹೋಗಿದ್ದ ಪಿಷ್ಟದ ಅಣುಗಳು ತಣ್ಣಗಾಗುತ್ತ ಮತ್ತೆ ಒತ್ತಾಗಿ ಜೋಡಿಕೊಂಡು ಹರಳುಗಟ್ಟುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಈ ಕೆಲಸ ಇನ್ನೂ ಜೋರಾಗಿ ನಡೆಯುತ್ತದೆ. 60 ಡಿಗ್ರಿ ಮೀರಿ ಕಾಯಿಸಿದರೆ ಆ ಹರಳುಗಳು ಮತ್ತೆ ಕರಗುತ್ತವೆ, ಒಳಗೆ ನೀರು ಉಳಿದಿದ್ದರೆ ತುಂಡು ಮೃದುವಾಗುತ್ತದೆ. ಹೆಚ್ಚು ನೀರಿನ ಹಿಟ್ಟಿನ ಜಾಣತನ ಇರುವುದೇ ಇಲ್ಲಿ. ಎರಡನೇ ಸಲ ಕಾಯಿಸುವುದಕ್ಕೂ ಸಾಲುವಷ್ಟು ತೇವವನ್ನು ಅದು ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ.

ಆದರೆ ತುಂಡನ್ನು ಮೈಕ್ರೋವೇವ್‌ಗೆ ಹಾಕುವುದು ಕಂಡರೆ ಬೇಡವೆನ್ನಿ. ಅದು ಒಳಗಿನ ನೀರನ್ನು ಕಾಯಿಸುತ್ತದೆ, ಆ ಆವಿ ಹೊರಬರುತ್ತ ಗರಿಯಾಗಿರಬೇಕಾದ ಮೈಯನ್ನೇ ನೆನೆಸುತ್ತದೆ. ಸುತ್ತಲ ಗಾಳಿ ತಣ್ಣಗಿರುವುದರಿಂದ ಆ ಮೈ ಆರುವುದಿಲ್ಲ. ಒಂದು ನಿಮಿಷ ಮೆತ್ತಗಿದ್ದು ಆಮೇಲೆ ಚರ್ಮದಂತೆ ಜಗ್ಗುತ್ತದೆ.

ಚೀಸನ್ನೂ ನೋಡಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಬ್ರಯನಿ ಜೇಮ್ಸ್ ಮತ್ತು ಸಂಗಡಿಗರು 2014ರಲ್ಲಿ ಮೊಝರೆಲ್ಲಾ, ಚೆಡ್ಡರ್, ಈಡಮ್, ಗ್ರುಯೇರ್ ಮೊದಲಾದ ಚೀಸುಗಳನ್ನು ಪಿಜ್ಜಾಗಳ ಮೇಲೆ ಬೇಯಿಸಿ, ಯಾವುದು ಹೇಗೆ ಕಂದಾಗುತ್ತದೆ ಎಂದು ಕ್ಯಾಮೆರಾದಿಂದ ಚಿತ್ರ ತೆಗೆದು ಅಳೆದರು. ಮೊಝರೆಲ್ಲಾ ಎಳೆದರೆ ಎಳೆಯಾಗಿ ಬರುವ ಚೀಸ್. ಅದರೊಳಗಿನ ನೀರು ಆವಿಯಾದಾಗ ಮೈ ಒಡೆಯದೆ ಗುಳ್ಳೆ ಏಳುತ್ತದೆ. ಗುಳ್ಳೆಯ ನೆತ್ತಿಯಿಂದ ಎಣ್ಣೆ ಜಾರಿ ಇಳಿಯುತ್ತದೆ, ಬರಿದಾದ ಆ ನೆತ್ತಿ ಒಣಗಿ ಕಂದಾಗುತ್ತದೆ. ಚೆಡ್ಡರ್‌ಗೆ ಅಷ್ಟು ಎಳೆತವಿಲ್ಲ, ಗುಳ್ಳೆ ಏಳುವುದಿಲ್ಲ. ಗ್ರುಯೇರ್ ಬಿಡುವ ಎಣ್ಣೆ ಹೆಚ್ಚು, ಆ ಎಣ್ಣೆಯ ಪದರವೇ ನೀರು ಆರದಂತೆ ತಡೆಯುತ್ತದೆ. ಕಣ್ಣ ಮುಂದಿರುವ ಪಿಜ್ಜಾದ ಮೇಲೆ ಅಲ್ಲಲ್ಲಿ ಕಂದು ಗುಳ್ಳೆ, ನಡುವೆ ಕೆನೆಬಿಳಿ ಕಂಡರೆ ಮೊಝರೆಲ್ಲಾ ತನ್ನ ಕೆಲಸ ಮಾಡಿದೆ ಎಂದರ್ಥ. ಇಡೀ ಮೈ ಒಂದೇ ಹಳದಿಯಾಗಿ ಎಣ್ಣೆ ಕೆರೆಗಟ್ಟಿದ್ದರೆ ಅದು ಬಹಳ ಹೊತ್ತು ದೀಪದ ಬಿಸಿಯ ಕೆಳಗೆ ಕಾದು ಕೂತಿರಬೇಕು.

ನಮ್ಮ ಕಡೆಯಿಂದ ಹೊರದೇಶಕ್ಕೆ ಹೋಗುವ ಸಸ್ಯಾಹಾರಿಗಳಿಗೆ ಪಿಜ್ಜಾ ದೊಡ್ಡ ಆಸರೆ. ಅವರಿಗಾಗಿ ಒಂದು ಮಾತು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂದು ನಿಯಮವಿದೆ. ಮಾರ್ಗರೀಟಾದ ಮೇಲೂ ಅದನ್ನು ಉದುರಿಸುವುದುಂಟು. ಬೇಡವಾದವರು ಮೊದಲೇ ಹೇಳಿಬಿಡಬೇಕು. ‘ಮರಿನಾರಾ’ ಎಂಬ ಪಿಜ್ಜಾದಲ್ಲಿ ಚೀಸೇ ಇರುವುದಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಅಷ್ಟೇ. ಒಳ್ಳೆಯ ಒಲೆಯಿಂದ ಬಂದ ಮರಿನಾರಾಕ್ಕೆ ಸಾಟಿಯಾದದ್ದು ಕಡಿಮೆ.

ಇಷ್ಟು ಹೊತ್ತು ಕೌಂಟರಿನ ಈಚೆಗಿನ ಮಾತಾಯಿತು. ತಿಂದದ್ದು ಹೊಟ್ಟೆಯೊಳಗೆ ವಿಮಾನ ಹತ್ತಿ ಹಾರುತ್ತದೆ, ಅಲ್ಲಿ ಅದಕ್ಕೆ ಬೇರೆ ಹವೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಕ್ಯಾಬಿನ್ನಿನ ಒತ್ತಡ 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಒತ್ತಡಕ್ಕಿಂತ ಇಳಿಯದಂತೆ ನೋಡಿಕೊಳ್ಳಬೇಕೆಂಬುದು ವಿಮಾನ ವಿನ್ಯಾಸದ ನಿಯಮ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್; ಅದಕ್ಕೂ ಐನೂರು ಮೀಟರ್ ಮೇಲೆ ಕೂತು ಉಸಿರಾಡಿದಂತೆ. ಬೋಯಿಂಗ್ 787, ಏರ್‌ಬಸ್ 350ರಂಥ ಹೊಸ ವಿಮಾನಗಳಲ್ಲಿ ಇದು ಸುಮಾರು 6,000 ಅಡಿಗೆ ಇಳಿದಿದೆ.

ಒತ್ತಡ ಇಳಿದರೆ ಅನಿಲ ಹಿಗ್ಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲೇ ಈ ನಿಯಮವನ್ನು ಮುಂದಿಟ್ಟಿದ್ದ. ಸಮುದ್ರಮಟ್ಟಕ್ಕೆ ಹತ್ತಿರವಿರುವ ನೇಪಲ್ಸ್‌ನಲ್ಲಿ ವಿಮಾನ ಹತ್ತಿದವರ ಕರುಳಿನ ವಾಯು ಮೇಲೇರುವಷ್ಟರಲ್ಲಿ ಮೂರನೇ ಒಂದರಷ್ಟು ಹಿಗ್ಗುತ್ತದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 915 ಮೀಟರ್ ಎತ್ತರದಲ್ಲಿ, ಒತ್ತಡ ಅಲ್ಲಿ ಮೊದಲೇ ಕಡಿಮೆ. ಹಾಗಾಗಿ ಅಲ್ಲಿಂದ ಹೊರಟವರಿಗೆ ಐದನೇ ಒಂದರಷ್ಟು ಮಾತ್ರ. ಮಂಗಳೂರಿನಿಂದ ಹೊರಟವರಿಗೂ ಬೆಂಗಳೂರಿನಿಂದ ಹೊರಟವರಿಗೂ ಒಂದೇ ಊಟದ ಮೇಲೆ ಹೊಟ್ಟೆಯುಬ್ಬರ ಬೇರೆಯಾಗಿರಲು ಇದೂ ಒಂದು ಕಾರಣವಾಗಬಹುದು. ಮೇಲೇರಿದಾಗ ವಾಯು ಹೆಚ್ಚುವ ಈ ತೊಂದರೆಯನ್ನು ಬೆಟ್ಟ ಹತ್ತುವವರಲ್ಲಿ ಗಮನಿಸಿ ಇಬ್ಬರು ವೈದ್ಯರು 1981ರಲ್ಲೇ ವೈದ್ಯಕೀಯ ಪತ್ರಿಕೆಗೆ ಬರೆದಿದ್ದರು.

ಈ ವಾಯು ಹುಟ್ಟುವುದರಲ್ಲಿ ಹಿಟ್ಟಿನ ಪಾಲಿದೆ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಣಿಗಳಿವೆ, ನಮ್ಮ ಸಣ್ಣಕರುಳಿಗೆ ಅವನ್ನು ಒಡೆಯಲು ಬಾರದು. ಅವು ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ತಿಂದು ಅನಿಲ ಬಿಡುತ್ತವೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೇ ವಸ್ತು. ಹಿಟ್ಟು ಹೆಚ್ಚು ಹೊತ್ತು ಹುದುಗಿದರೆ ಯೀಸ್ಟೇ ಫ್ರಕ್ಟಾನಿನ ಒಳ್ಳೆಯ ಭಾಗವನ್ನು ತಿಂದು ಮುಗಿಸಿರುತ್ತದೆ. ಎಂಟು ಗಂಟೆಯಿಂದ ಒಂದು ದಿನದವರೆಗೆ ಹುದುಗಿಸುವ ನೇಪಲ್ಸ್ ಪದ್ಧತಿಯಿಂದ ರುಚಿಯೊಂದಿಗೆ ಕರುಳಿಗೂ ಲಾಭ. ‘ಹಿಟ್ಟು ಎಷ್ಟು ಹೊತ್ತು ಹುದುಗಿದೆ?’ ಎಂದು ಕೌಂಟರಿನಲ್ಲಿ ಕೇಳಿ. ಹೆಮ್ಮೆಯಿಂದ ಉತ್ತರ ಹೇಳುವ ಅಂಗಡಿಯನ್ನು ನಂಬಬಹುದು.

ಉಪ್ಪಿನ ಲೆಕ್ಕವನ್ನೂ ಮಾಡಿಬಿಡೋಣ. ಯುರೋಪಿನ ನಿಯಮದಂತೆ ಒಂದು ಲೀಟರ್ ನೀರು, 1.8 ಕಿಲೊ ಮೈದಾ, 50ರಿಂದ 55 ಗ್ರಾಂ ಉಪ್ಪು. ಉಂಡೆಯ ತೂಕ 180ರಿಂದ 250 ಗ್ರಾಂ. ಭಾಗಿಸಿದರೆ ಒಂದು ದೊಡ್ಡ ಉಂಡೆಯಲ್ಲೇ ನಾಲ್ಕೂವರೆ ಗ್ರಾಂ ಉಪ್ಪು ಬರುತ್ತದೆ, ಚೀಸು ಮತ್ತು ಟೊಮೆಟೊದ ಉಪ್ಪು ಬೇರೆ. ಇಡೀ ದಿನಕ್ಕೆ 5 ಗ್ರಾಂ ಮೀರದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಬಿನ್ನಿನ ತೇವಾಂಶವೋ ಶೇಕಡ 20ಕ್ಕಿಂತ ಕಡಿಮೆ. ರಕ್ತದೊತ್ತಡ ಇರುವವರು ಅರ್ಧ ಪಿಜ್ಜಾ ಹಂಚಿಕೊಂಡು ತಿನ್ನಲಿ, ಎಲ್ಲರೂ ನೀರಿನ ಬಾಟಲಿ ತುಂಬಿಸಿಕೊಂಡೇ ಗೇಟಿಗೆ ಹೋಗಲಿ. ಚೀಸಿನ ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಇದರಿಂದ ಹಸಿವು ಬಹಳ ಹೊತ್ತು ಕಾಡುವುದಿಲ್ಲ, ಆದರೆ ಹುಳಿತೇಗಿನ ತೊಂದರೆ ಇರುವವರು ಹತ್ತಿದ ಕೂಡಲೇ ಸೀಟು ಹಿಂದಕ್ಕೆ ಒರಗಿಸಿ ಮಲಗಬಾರದು.

ಇಷ್ಟೆಲ್ಲ ಯಾಕೆ, ವಿಮಾನದೊಳಗೇ ಪಿಜ್ಜಾ ಕೊಟ್ಟರೆ ತಿನ್ನಬಾರದೇ ಎಂದು ಕೇಳಬಹುದು. ವಿಮಾನದ ಊಟ ನೆಲದ ಮೇಲಿನ ಅಡುಗೆಮನೆಯಲ್ಲಿ ಬೆಂದು, ತಂಪಾಗಿ, ಮೇಲೆ ಮತ್ತೆ ಬಿಸಿಯಾಗುತ್ತದೆ. ಪಿಷ್ಟ ಹರಳುಗಟ್ಟಲು ಬೇಕಾದ ತಂಪೂ ಹೊತ್ತೂ ಎರಡೂ ಅದಕ್ಕೆ ಸಿಕ್ಕಿರುತ್ತವೆ. ಅಲ್ಲಿ ಬೆಂಕಿಯಿಲ್ಲ, ಕಲ್ಲಿನ ನೆಲವಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ತಿನ್ನುವ ನಾವೇ ಅಲ್ಲಿ ಬದಲಾಗಿರುತ್ತೇವೆ. ಜರ್ಮನಿಯ ಮ್ಯೂನಿಕ್ ಹತ್ತಿರದ ಹೋಲ್ಜ್‌ಕಿರ್ಶೆನ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರ ಒಂದು ಪ್ರಯೋಗಶಾಲೆಯಿದೆ. ಏರ್‌ಬಸ್ 310 ವಿಮಾನದ ಮುಂಭಾಗವನ್ನೇ ಕತ್ತರಿಸಿ ಒತ್ತಡ ಇಳಿಸುವ ಕೊಳವೆಯೊಳಗೆ ಕೂರಿಸಿದ್ದಾರೆ. ಲುಫ್ತಾನ್ಸಾ ಕೋರಿಕೆಯಂತೆ 2010ರ ಹೊತ್ತಿಗೆ ಅಲ್ಲಿ ಜನರಿಗೆ ಊಟ ಕೊಟ್ಟು ನೋಡಿದರು. ಕಡಿಮೆ ಒತ್ತಡ, ಒಣ ಗಾಳಿಯಲ್ಲಿ ಉಪ್ಪಿನ ರುಚಿ ಶೇಕಡ 20ರಿಂದ 30ರಷ್ಟು, ಸಿಹಿ 15ರಿಂದ 20ರಷ್ಟು ಮಂದವಾಗುತ್ತದೆಂದು ಕಂಡುಬಂತು. ಮೂಗಿನ ಒಳಪೊರೆ ಒಣಗಿದರೆ ಪರಿಮಳವೂ ಸರಿಯಾಗಿ ತಿಳಿಯದು. ಹುರಿದ ಹಿಟ್ಟಿನ ಘಮ, ತುಳಸಿಯ ವಾಸನೆ, ಆಲಿವ್ ಎಣ್ಣೆಯ ಹಸಿರು ಒಗರು ಎಲ್ಲ ಅರ್ಧಂಬರ್ಧ.

ಟೊಮೆಟೊ ಮಾತ್ರ ಎತ್ತರದಲ್ಲೂ ತಲೆ ಎತ್ತಿ ನಿಲ್ಲುತ್ತದೆ. ನೆಲದ ಮೇಲೆ ಮುಟ್ಟದವರೂ ವಿಮಾನದಲ್ಲಿ ಟೊಮೆಟೊ ರಸ ಕೇಳುತ್ತಾರೆ ಎಂಬುದನ್ನು ಗಮನಿಸಿಯೇ ಲುಫ್ತಾನ್ಸಾ ಈ ಹುಡುಕಾಟಕ್ಕೆ ಇಳಿದಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಕಿಂಬರ್ಲಿ ಯಾನ್ ಮತ್ತು ರಾಬಿನ್ ಡ್ಯಾಂಡೊ 2015ರಲ್ಲಿ ಇನ್ನೊಂದು ಎಳೆ ಸೇರಿಸಿದರು. ಹೆಡ್‌ಫೋನಿನಲ್ಲಿ ವಿಮಾನದೊಳಗಿನಷ್ಟೇ, ಸುಮಾರು 85 ಡೆಸಿಬೆಲ್ ಸದ್ದು ಕೇಳಿಸುತ್ತ ರುಚಿ ನೋಡಿಸಿದಾಗ ಸಿಹಿ ಮಂಕಾಯಿತು, ಉಮಾಮಿ ಇನ್ನಷ್ಟು ಗಾಢವಾಯಿತು. ಕಿಕುನೆ ಇಕೆದಾ 1908ರಲ್ಲಿ ಗುರುತಿಸಿದ ಈ ಐದನೇ ರುಚಿಯ ಮೂಲ ಗ್ಲುಟಮೇಟ್. ಮಾಗಿದ ಟೊಮೆಟೊದಲ್ಲಿ ಅದು ಧಾರಾಳ. ಹಳೆಯ ಪಾರ್ಮಿಜಾನೊದಲ್ಲಿ ನೂರು ಗ್ರಾಮಿಗೆ ಒಂದು ಗ್ರಾಮಿಗೂ ಹೆಚ್ಚು. ಹಾಗಾಗಿ ಮೇಲೆ ಕೊಡುವ ಪಿಜ್ಜಾದ ಸಾರು ಚೆನ್ನಾಗಿದೆ ಎನ್ನಿಸಿದರೆ ಅದು ಭ್ರಮೆಯಲ್ಲ. ಆದರೆ ಪಿಜ್ಜಾದಲ್ಲಿ ನಾವು ಪ್ರೀತಿಸುವ ಅರ್ಧದಷ್ಟು ಸಂಗತಿ ಹಿಟ್ಟಿನದು, ಅಂಚಿನದು, ಗರಿಯದು. ಅದಕ್ಕೆ ನೆಲವೇ ಬೇಕು.

ತಟ್ಟೆ ಮುಂದೆ ಬಂದಾಗ ಅವಸರ ಬೇಡ. ಒಲೆಯಿಂದ ಇಳಿದ ಪಿಜ್ಜಾದ ಭಾಗಭಾಗದ ಶಾಖವನ್ನೂ ಯುರೋಪಿನ ನಿಯಮ ಬರೆದಿಟ್ಟಿದೆ: ಹಿಟ್ಟು 60ರಿಂದ 65 ಡಿಗ್ರಿ, ಮೊಝರೆಲ್ಲಾ 65ರಿಂದ 70, ಟೊಮೆಟೊ 75ರಿಂದ 80, ಎಣ್ಣೆ 75ರಿಂದ 85. ಕೈಗೆ ಸಿಗುವ ಅಂಚು ತಕ್ಕಷ್ಟು ತಣ್ಣಗಿದ್ದು ನಂಬಿಸುತ್ತದೆ, ಅಂಗುಳಕ್ಕೆ ಅಂಟುವ ಚೀಸು ಮತ್ತು ಅದರಡಿಯ ಸಾರು ಸುಡುತ್ತವೆ. ಎರಡು ನಿಮಿಷ ತಡೆದು, ನಡುವಿನಿಂದಲ್ಲ, ಅಂಚಿನ ಕಡೆಯಿಂದ ಶುರುಮಾಡಿ.

ಅಷ್ಟರಲ್ಲಿ ಬೋರ್ಡಿಂಗ್ ಕರೆದರೆ ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಬಹುದು, ಆದರೆ ಮುಚ್ಚಳ ಒತ್ತಿ ಮುಚ್ಚಬೇಡಿ. ಮುಚ್ಚಿದರೆ ಹಬೆ ಒಳಗೇ ತಿರುಗಿ ತಳವನ್ನು ನೆನೆಸುತ್ತದೆ, ಸಾರಿನ ನೀರು ಮೇಲಿನಿಂದಲೂ ಇಳಿಯುತ್ತದೆ, ಹತ್ತು ನಿಮಿಷದಲ್ಲಿ ಗರಿ ಹೋಗುತ್ತದೆ. ಮುಚ್ಚಳವನ್ನು ಒಂದು ಬದಿಗೆ ಬೆರಳಗಲ ತೆರೆದಿಟ್ಟುಕೊಂಡು ಸಾಲಿನಲ್ಲಿ ನಿಂತು ತಿನ್ನಿ. ಸಾಲು ಹೇಗೂ ನಿಧಾನವಾಗಿಯೇ ಸರಿಯುತ್ತದೆ. ಎರಡು ತುಂಡಿಗೆ ಅಷ್ಟು ಹೊತ್ತು ಸಾಕು.